ಮರಳದಿಬ್ಬದ ಮೇಲೆ ಫ್ಲ್ಯಾಶ್

ಪುಸ್ತಕದ ಸಂಪಾದಕರಿಗೂ ನನಗೂ ಮೊದಲ ಸಲ ಮಾತು ಬಿರುಸಾದದ್ದು ಮುದ್ದೇಬಿಹಾಳದ ಒಂದು ಕಬಡ್ಡಿ ಅಂಕಣದ ಪಕ್ಕದಲ್ಲಿ. ನಾನು ಗೆರೆಯಾಚೆ ಮಂಡಿಯೂರಿ ಕುಳಿತಿದ್ದೆ, ಅವರು ಫೋನಿನಲ್ಲಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಆಟ, ಹೊಳೆ, ಹಕ್ಕಿಗಳ ಒಂದು ದೊಡ್ಡ ಚಿತ್ರಪುಸ್ತಕ ತರಬೇಕೆಂದು ನಗರದ ಸಂಸ್ಥೆಯೊಂದು ಹೊರಟಿತ್ತು. ಇಂಡಿಯಲ್ಲಿ ಸ್ಟುಡಿಯೋ ನಡೆಸುವ ನನಗೆ ಆ ಕೆಲಸ ಬಂದದ್ದು ನಾನು ತೆಗೆದ ಒಂದೆರಡು ಕುಸ್ತಿಯ ಚಿತ್ರಗಳಿಂದ. ಮದುವೆ, ನಿಕಾ, ಕುಬುಸಗಳ ನಡುವೆ ಬಿಡುವು ಮಾಡಿಕೊಂಡು ಆಟದ ಚಿತ್ರ ತೆಗೆಯುವುದು ನನ್ನ ಹುಚ್ಚು.

ಅಂದು ಸಂಜೆ ಅಂಕಣದ ಸುತ್ತ ನಾಲ್ಕು ಕಂಬಗಳಿಗೆ ಎಲ್‌ಇಡಿ ದೀಪ ಕಟ್ಟಿದ್ದರು. ಕಣ್ಣಿಗೆ ಆ ಬೆಳಕು ಸ್ಥಿರವಾಗಿ ಕಂಡರೂ ಕ್ಯಾಮೆರಾಕ್ಕೆ ಹಾಗೆ ಕಾಣುವುದಿಲ್ಲ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ವೇಗಕ್ಕೆ ಶಟರ್ ಇಟ್ಟರೆ ದೀಪ ಮಿಣುಕುವುದೂ ಚಿತ್ರದಲ್ಲಿ ದಾಖಲಾಗುತ್ತದೆ. ಒಂದು ಚಿತ್ರದಲ್ಲಿ ಆಟಗಾರನ ಮುಖ ಬೆಳ್ಳಗೆ, ಮರುಚಿತ್ರದಲ್ಲಿ ಅದೇ ಮುಖಕ್ಕೆ ಅಡ್ಡಲಾಗಿ ಕಂದು ಪಟ್ಟಿ. ಮಿಣುಕು ತಡೆಯುವ ವ್ಯವಸ್ಥೆ ಹಚ್ಚಿ, ಶಟರ್ ವೇಗ ಸ್ವಲ್ಪ ಇಳಿಸಿ, ಕಡಿಮೆ ಬೆಳಕೂ ಸಾಲುವಂತೆ ಐಎಸ್‌ಒ ಏರಿಸಿ ದಾರಿ ಮಾಡಿಕೊಂಡೆ. ಚಿತ್ರದಲ್ಲಿ ಕಾಳುಕಾಳು ಹೆಚ್ಚಾಯಿತು, ಆದರೆ ರೇಡ್ ಹೋದವನ ಬೆರಳ ತುದಿ ಎದುರಾಳಿಯ ತೋಳಿಗೆ ತಾಗಿದ ಕ್ಷಣ ಸಿಕ್ಕಿತು. ಮೊದಲಿಗೆ ಒಂದೆರಡು ಸಲ ಫ್ಲ್ಯಾಶ್ ಹೊಡೆದಿದ್ದೆ. ಪಂಚರು ನೇರ ನನ್ನ ಬಳಿ ಬಂದರು.

"ಅಕ್ಕಾರ, ಆ ಬೆಳಕು ಹೊಡೀಬ್ಯಾಡ್ರಿ. ಹೊಳ್ಳುವಾಗ ಹುಡುಗನ ಕಣ್ಣಿಗೆ ಕತ್ತಲಿ ಬಂದ್ರ ಕಾಲ ಮುರಕೋತಾನ."

ಫ್ಲ್ಯಾಶ್ ಚೀಲಕ್ಕೆ ಹೋಯಿತು. ಅಲ್ಲಿಂದಲೇ ಕಳಿಸಿದ ಚಿತ್ರ ನೋಡಿದ ಸಂಪಾದಕರು ಫೋನು ಮಾಡಿದರು. "ಕಾಳು ಜಾಸ್ತಿ ಕಾಣ್ತಿದೆ ಮೇಡಂ, ಫ್ಲ್ಯಾಶ್ ಹೊಡೀರಿ. ಬೆವರು ಮಿಂಚಬೇಕು."

"ಹುಡುಗ್ರಿಗೆ ಪೆಟ್ಟಾಗ್ತೈತ್ರಿ ಸರ್."

"ಒಂದೆರಡು ಫ್ಲ್ಯಾಶಿಗೆ ಏನಾಗತ್ತೆ?"

ಒಂದೆರಡಕ್ಕೆ ಏನೂ ಆಗುವುದಿಲ್ಲ ಎಂಬ ಈ ಮಾತನ್ನು ನಾನು ಆಮೇಲೆ ಮತ್ತೆ ಮತ್ತೆ ಕೇಳಬೇಕಾಯಿತು. ಅಂದು ಮಾತ್ರ, "ಪಂಚರು ಬ್ಯಾಡ ಅಂದಾರ್ರಿ" ಎಂದು ಫೋನು ಇಟ್ಟೆ.

ಪುಸ್ತಕದ ಇನ್ನರ್ಧ ಹಕ್ಕಿಗಳದು. ನನ್ನಲ್ಲಿದ್ದ ಲೆನ್ಸು ಕಬಡ್ಡಿಗೆ ಹೇಳಿಮಾಡಿಸಿದಂಥದ್ದು, ಹೊಳೆಯಾಚೆಯ ಹಕ್ಕಿಗೆ ಅದು ಮೊಂಡುಗೈ. ಉದ್ದ ಲೆನ್ಸು ಬಾಡಿಗೆಗೆ ತರಲು ನಾನೂ ನಮ್ಮ ಮನೆಯವರೂ ವಿಜಯಪುರಕ್ಕೆ ಹೋದೆವು. ಅವರು ಇಂಡಿಯಲ್ಲಿ ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾರೆ. ಕ್ಯಾಮೆರಾದ ಯಾವ ಗುಂಡಿ ಎಲ್ಲಿದೆ ಎಂಬುದೂ ಅವರಿಗೆ ಗೊತ್ತಿಲ್ಲ, ಗೊತ್ತಿದೆ ಎಂದು ಎಂದೂ ಹೇಳಿಕೊಂಡವರೂ ಅಲ್ಲ. ಅಂಗಡಿಯವನು ನನ್ನ ಪ್ರಶ್ನೆಗೆಲ್ಲ ಅವರ ಮುಖ ನೋಡಿ ಉತ್ತರ ಕೊಡತೊಡಗಿದ.

"ಸರ್, ಮ್ಯಾಡಮ್ಮಾರಿಗೆ ಇದು ಭಾರ ಆಗ್ತೈತ್ರಿ. ನೀವು ಎತ್ತಿ ಕೊಡೂದಾದ್ರ ಒಯ್ಯಿರಿ."

"ನನ್ನ ಯಾಕ ಕೇಳ್ತೀರಿ?" ಎಂದರು ಇವರು. "ಫೋಟೋ ತೆಗಿಯೂದು ಅವರ ಕೆಲಸ."

"ಹೌದ್ರಿ ಸರ್. ಆದ್ರ ಇದರ ಫೋಕಸ್ ಹೆಂಗ ಅಂದ್ರ ನೋಡ್ರಿ ಸರ್..." ಎಂದು ಮತ್ತೆ ಅವರಿಗೇ ವಿವರಿಸಿದ.

ಅವನ ಕೈಯಿಂದ ಲೆನ್ಸು ತೆಗೆದುಕೊಂಡು ಬಾಗಿಲಾಚೆ ಹೋಗಿ ರಸ್ತೆಯ ಆ ಬದಿಯ ತಂತಿಯ ಮೇಲಿನ ಪಾರಿವಾಳಕ್ಕೆ ಹಿಡಿದೆ. ಅವನು ಬಾಗಿಲಲ್ಲಿ ನಿಂತು ನೋಡಿದ. ಆಮೇಲೆಯೂ ಚೀಟಿ ಬರೆದದ್ದು ಇವರ ಹೆಸರಿನಲ್ಲೇ. ಅದನ್ನು ಹರಿದುಹಾಕಿಸಿ ನನ್ನ ಹೆಸರಿನಲ್ಲಿ ಬೇರೆ ಬರೆಸಿದೆ.

ಮೂರು ಲೆನ್ಸುಗಳನ್ನು ಒಂದೊಂದಾಗಿ ತಂದು ಬಸವನ ಬಾಗೇವಾಡಿಯ ಕಡೆ ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಪರೀಕ್ಷೆ ಮಾಡಿದೆ. ಆಗ ಚಳಿಗಾಲ. ಕಡಲೆ ಹೊಲಗಳಿಗೆ ಹೆಬ್ಬಾತುಗಳು ಇಳಿಯುತ್ತಿದ್ದವು. ಮೊದಲನೆಯದು ನೂರೈವತ್ತರಿಂದ ಆರುನೂರು ಮಿಲಿಮೀಟರಿನವರೆಗೆ ಚಾಚುವ ಜೂಮ್. ಹತ್ತಿರದ ಹಕ್ಕಿಗೂ ದೂರದ ಹಕ್ಕಿಗೂ ಅದೊಂದೇ ಸಾಕು ಎನ್ನುತ್ತಾರೆ. ಆದರೆ ಪೂರ್ತಿ ಚಾಚಿದಾಗ ಬೆಳಕು ಒಳಬಿಡುವ ಕಿಂಡಿ ಕಿರಿದಾಗುತ್ತದೆ. ಮುಂಜಾನೆಯ ಮಬ್ಬಿನಲ್ಲಿ ಅದರ ಫೋಕಸ್ ಹಕ್ಕಿಯನ್ನು ಬಿಟ್ಟು ಹಿಂದಿನ ಜಾಲಿಕಂಟಿಗೆ ಹೋಗಿ ಕೂರುತ್ತಿತ್ತು. ಎರಡನೆಯದು ಆರುನೂರರ ದೊಡ್ಡ ಲೆನ್ಸು, ಕಿಂಡಿ ಅಗಲ. ಹಕ್ಕಿಯ ಒಂದೊಂದು ಗರಿಯೂ ಎಣಿಸುವಂತೆ ಬರುತ್ತಿತ್ತು. ಮುಕ್ಕಾಲಿಯ ಮೇಲಿಟ್ಟು ಕೂತ ಹಕ್ಕಿ ತೆಗೆಯಲು ಅದಕ್ಕೆ ಸಾಟಿಯಿಲ್ಲ. ಹಾರುವ ಹಿಂಡಿನ ಜೊತೆ ಕೈಯಲ್ಲಿ ತಿರುಗಿಸಲು ಹೋದರೆ ಭುಜ ಸೋತು, ಹಕ್ಕಿ ಮುಂದೆ, ನಾನು ಹಿಂದೆ. ಮೂರನೆಯದು ಐದುನೂರರದು, ಕಿಂಡಿ ನಡುಮಟ್ಟದ್ದು, ತೂಕ ಕೈಗೆ ಒಗ್ಗುವಂಥದ್ದು. ಕಬಡ್ಡಿಯಲ್ಲಿ ಆಟಗಾರನ ಹಿಂದೆ ಹೊರಳುವಂತೆಯೇ ಅದರೊಂದಿಗೆ ಹಕ್ಕಿಯ ಹಿಂದೆ ಹೊರಳಬಹುದಿತ್ತು. ಅದನ್ನೇ ಇಟ್ಟುಕೊಂಡೆ.

"ದೊಡ್ಡದನ್ನೇ ತಗೊಳ್ಳಿ ಮೇಡಂ, ಹಕ್ಕಿ ಹಿಂದಿನದೆಲ್ಲ ಮಸುಕಾಗಿ ಬೆಣ್ಣೆ ಹಾಗೆ ಕರಗಬೇಕು" ಎಂದರು ಸಂಪಾದಕರು. ನನ್ನ ಕೈಯಲ್ಲಿ ಹಕ್ಕಿ ಸಿಗುವುದು ಯಾವುದರಿಂದ ಎಂಬ ಪ್ರಶ್ನೆ ಅವರಿಗೆ ಇರಲಿಲ್ಲ.

ಬೇಸಿಗೆ ಹತ್ತಿರವಾದಾಗ ದೇವಣಗಾಂವದ ಬಳಿ ಭೀಮಾ ಹೊಳೆ ಇಳಿದು, ನಡುವೆ ಮರಳದಿಬ್ಬ ಎದ್ದಿತ್ತು. ದಂಡೆಯ ಮರಳಿನಲ್ಲಿ ಕಲ್ಲಂಗಡಿ ಬಳ್ಳಿ ಹಾಕಿದ್ದ ರೈತರೊಬ್ಬರು ನನಗೆ ಕೂರಲು ತಮ್ಮ ಗುಡಿಸಲ ಪಕ್ಕ ಜಾಗ ಕೊಟ್ಟರು. ದಿಬ್ಬದ ಮೇಲೆ ರೀವ ಹಕ್ಕಿಗಳು ತತ್ತಿ ಇಟ್ಟಿದ್ದವು. ಹಳದಿ ಕೊಕ್ಕು, ಕರಿ ಟೋಪಿ ಹಾಕಿದಂಥ ತಲೆ, ಕವಲು ಬಾಲ. ನಮ್ಮ ಕಡೆ ಎಲ್ಲರೂ ಹೊಳಿಹಕ್ಕಿ ಎಂದೇ ಕರೆಯುವುದು. ಅವು ಗೂಡು ಕಟ್ಟುವುದಿಲ್ಲ. ಮರಳಿನಲ್ಲಿ ಎದೆಯಿಂದ ಒಂದು ಸಣ್ಣ ಕುಳಿ ಒತ್ತಿ ಅದರಲ್ಲಿ ತತ್ತಿ ಇಡುತ್ತವೆ. ತತ್ತಿಯೂ ಮರಳ ಬಣ್ಣದ್ದೇ. ನೋಡದೆ ಕಾಲಿಟ್ಟರೆ ಮುಗಿಯಿತು. ಹಾಗಾಗಿ ದಿಬ್ಬಕ್ಕೆ ಕಾಲಿಡುವುದಿಲ್ಲ ಎಂದು ಮೊದಲ ದಿನವೇ ನಿರ್ಧರಿಸಿದೆ. ದಂಡೆಗೂ ದಿಬ್ಬಕ್ಕೂ ನಡುವೆ ಹರಿವ ನೀರೇ ನನ್ನ ಗಡಿ.

ಮೊದಲ ವಾರದ ಚಿತ್ರಗಳೆಲ್ಲ ಹಾಳು. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದು ತೆಗೆಯಬೇಕೆಂದು ನಮ್ಮ ಮನೆಯವರು ಹಳೆಯ ರೊಟ್ಟಿ ಹಂಚಿನ ನಡುವೆ ಬೋಲ್ಟು ಬೆಸುಗೆ ಹಾಕಿ ಕೊಟ್ಟಿದ್ದರು. ಅದರ ಮೇಲೆ ಲೆನ್ಸು ಕೂರಿಸಿ ಮರಳಿನಲ್ಲಿ ಮಲಗಿ ತೆಗೆದೆ. ಹೊತ್ತೇರಿದಂತೆ ಮರಳಿನಿಂದ ಝಳ ಏಳುತ್ತಿತ್ತು. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಹಕ್ಕಿ ಕುದಿವ ಎಣ್ಣೆಯಲ್ಲಿ ಅದ್ದಿದಂತೆ ನಡುಗುತ್ತಿತ್ತು. ಫೋಕಸ್ ಕೆಟ್ಟಿದೆ ಎಂದುಕೊಂಡು ಲೆನ್ಸು ಮರಳಿಸಲು ಹೊರಟೆ. ಹೊರಡುವ ಮುನ್ನ ನೀರಿನ ಮೇಲೆ ಹಾರುತ್ತಿದ್ದ ಒಂದು ಹಕ್ಕಿಯನ್ನು ನಿಂತೇ ತೆಗೆದೆ. ಅದು ಕೊರೆದಿಟ್ಟಂತೆ ಬಂತು. ತಪ್ಪು ಲೆನ್ಸಿನದಲ್ಲ, ಕಾದ ಮರಳಿನ ಮೇಲಿನ ಗಾಳಿಯದು. ಎಷ್ಟು ಉದ್ದದ ಲೆನ್ಸು ತಂದರೂ ಆ ಗಾಳಿಯನ್ನು ಅದು ನೇರ ಮಾಡುವುದಿಲ್ಲ. ಮಲಗಿ ತೆಗೆಯುವುದನ್ನು ಬಿಟ್ಟೆ. ಎತ್ತರದ ದಂಡೆಯ ಮೇಲೆ, ಮುಂದೆ ನೀರಷ್ಟೇ ಇರುವ ಜಾಗ ಹುಡುಕಿ ಕೂತೆ. ಬೆಳಗಿನ ತಂಪಿನಲ್ಲಿ ದಿಬ್ಬದ ಮೇಲಿನ ಚಿತ್ರ, ಬಿಸಿಲೇರಿದ ಮೇಲೆ ನೀರಿನ ಮೇಲಿನವು ಮಾತ್ರ.

ಬಿಸಿಲೇರಿದ ಮೇಲೆಯೇ ಆ ಹಕ್ಕಿಗಳ ನಿಜವಾದ ಕೆಲಸ ಶುರುವಾಗುತ್ತದೆ. ಕುಳಿಯಲ್ಲಿ ಕೂತದ್ದು ಏಳುತ್ತದೆ, ನೀರಿಗೆ ಹಾರಿ ಬಂದು ಹೊಟ್ಟೆಯನ್ನಷ್ಟೇ ಅದ್ದಿ, ನೀರು ಸೋರಿಸುತ್ತ ಮರಳಿ ಹೋಗಿ ತತ್ತಿಯ ಮೇಲೆ ಕೂರುತ್ತದೆ. ಹಸಿ ಗರಿಯಿಂದ ತತ್ತಿ ತಂಪಾಗುತ್ತದೆ. ಇಲ್ಲದಿದ್ದರೆ ಆ ಮರಳಿನಲ್ಲಿ ಅದು ಬೇಯುತ್ತದೆ. ಅದ್ದಲು ಬರುವ ಹಕ್ಕಿ ನನ್ನ ದಂಡೆಯ ಹತ್ತಿರವೇ ಬರುತ್ತಿತ್ತು. ಶಟರ್ ವೇಗ ಏರಿಸಿ, ಹೊಟ್ಟೆ ನೀರನ್ನು ಮುಟ್ಟುವ ಜಾಗಕ್ಕೆ ಕಾದು, ದಿನಗಟ್ಟಲೆ ಬಾಲವೋ ಒಂದು ರೆಕ್ಕೆಯೋ ಮಾತ್ರ ಸಿಕ್ಕು, ಕೊನೆಗೆ ಒಂದು ಚಿತ್ರ ಬಂತು. ಹಕ್ಕಿ ಮೇಲೇಳುತ್ತಿದೆ, ಹೊಟ್ಟೆಯಿಂದ ಉದುರಿದ ಹನಿಗಳು ಅದಕ್ಕೂ ನೀರಿಗೂ ನಡುವೆ ಬಿಡಿಬಿಡಿಯಾಗಿ ನಿಂತಿವೆ. ಗುಡಿಸಲಿನ ರೈತರಿಗೆ ತೋರಿಸಿದೆ.

"ದಿನಾ ನೋಡ್ತೇನ್ರಿ ಅಕ್ಕಾರ, ಜಳಕ ಮಾಡ್ತಾವು ಅನ್ಕೊಂಡಿದ್ದೆ" ಎಂದರು ಅವರು.

ಸಂಪಾದಕರಿಗೆ ಕಳಿಸಿದೆ. ಯಾವ ಊರಿನ ಬಳಿ, ಯಾವ ದಂಡೆ ಎಂದು ಅವರು ವಿಚಾರಿಸಿದರು. ಪುಸ್ತಕದಲ್ಲಿ ಬರೆಯಲು ಕೇಳುತ್ತಿದ್ದಾರೆಂದುಕೊಂಡು ಹೇಳಿದೆ. ಆಮೇಲೆ ಅವರು ಅಂದದ್ದು: "ಚೆನ್ನಾಗಿದೆ. ಆದ್ರೆ ಭಾವನೆ ಇಲ್ಲ ಮೇಡಂ. ಮುಖಪುಟಕ್ಕೆ ತಾಯಿ ಬೇಕು, ಮೊಟ್ಟೆ ಬೇಕು. ಹತ್ತಿರ ಹೋಗಿ. ಎರಡು ಕಡೆಯಿಂದ ಫ್ಲ್ಯಾಶ್ ಕೊಟ್ಟರೆ ಕಣ್ಣು ಹೊಳೆಯತ್ತೆ."

"ಹತ್ರ ಹೋದ್ರ ಹಕ್ಕಿ ಏಳ್ತೈತ್ರಿ. ಎದ್ದರ ತತ್ತಿ ಕೆಡ್ತಾವು."

"ಐದು ನಿಮಿಷಕ್ಕೆ ಏನಾಗತ್ತೆ?"

"ಆಗ್ತೈತ್ರಿ ಸರ್. ನಾ ಹೋಗೂದಿಲ್ಲ."

ತಾಯಿ ಬೇಕಂತೆ. ತತ್ತಿಗಾಗಿ ಇಡೀ ದಿನ ಹೊಟ್ಟೆ ತೋಯಿಸಿಕೊಂಡು ಹಾರುವ ಹಕ್ಕಿಯಲ್ಲಿ ಅವರಿಗೆ ತಾಯಿ ಕಾಣಲಿಲ್ಲ.

ನಡುವೆ ಸಿಂದಗಿಯಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೆ. ಅದನ್ನು ಮುಗಿಸಿ ಮರುದಿನ ಮುಂಜಾನೆಯೇ ಹೊಳೆಗೆ ಹೋಗಬೇಕಿತ್ತು. ಬಸ್ಸು ತಡವಾಗಿ, ಬಿಸಿಲೇರಿದ ಮೇಲೆ ತಲುಪಿದೆ. ದೂರದಿಂದಲೇ ಗದ್ದಲ ಕೇಳಿಸಿತು. ಹಕ್ಕಿಗಳೆಲ್ಲ ದಿಬ್ಬದ ಮೇಲೆ ಗಾಳಿಯಲ್ಲಿ ಸುತ್ತುತ್ತಿದ್ದವು. ಒಂದೂ ಕೆಳಗಿರಲಿಲ್ಲ. ರೈತರು ಬಳ್ಳಿಗೆ ನೀರು ಹಾಕುತ್ತಿದ್ದರು.

"ಬರ್ರಿ ಅಕ್ಕಾರ. ನಿಮ್ಮ ಸಾಹೇಬ್ರು ಮುಂಜಾನೆನ ಬಂದಾರಲ್ರಿ."

"ಯಾವ ಸಾಹೇಬ್ರು?"

"ಪುಸ್ತಕದವ್ರು. ನೀವ ಕಳಿಸೀರಿ ಅಂದ್ರು. ತೆಪ್ಪದಾಗ ದಿಬ್ಬಕ್ಕ ಬಿಟ್ಟು ಬಂದೆ."

ಲೆನ್ಸು ತೆಗೆದು ನೋಡಿದೆ. ದಿಬ್ಬದ ನಟ್ಟನಡುವೆ ಎರಡು ಕಾಲುಗಂಬ ನಿಂತಿದ್ದವು, ಒಂದೊಂದರ ಮೇಲೂ ಚೌಕನೆಯ ಬಿಳಿ ಬಟ್ಟೆಯ ಪೆಟ್ಟಿಗೆಯೊಳಗೆ ಫ್ಲ್ಯಾಶ್. ನಡುವೆ ಅರವತ್ತರ ಆಸುಪಾಸಿನ ಒಬ್ಬರು, ಮೈಮೇಲೆ ಹಸಿರು ಚುಕ್ಕೆಯ ಜಾಕೆಟ್ಟು. ಆ ಮುಖವನ್ನು ಪತ್ರಿಕೆಗಳಲ್ಲಿ ನೋಡಿದ್ದೆ. ವನ್ಯಜೀವಿ ಚಿತ್ರಗಳಿಗೆ ಬಹುಮಾನ ಪಡೆದ ಹಿರಿಯ ಛಾಯಾಗ್ರಾಹಕರು, ಸಂಪಾದಕರ ಗೆಳೆಯರು. ಅವರು ಬಗ್ಗಿ ಒಂದು ಕುಳಿಯಲ್ಲಿದ್ದ ಒಂದೇ ತತ್ತಿಯನ್ನು ಎತ್ತಿದರು. ನಾಲ್ಕು ಹೆಜ್ಜೆ ನಡೆದು ಇನ್ನೊಂದು ಕುಳಿಯಲ್ಲಿದ್ದ ಎರಡು ತತ್ತಿಯ ಪಕ್ಕ ಅದನ್ನು ಇಟ್ಟರು. ಎದ್ದು ನಿಂತು ನೋಡಿದರು. ಮತ್ತೆ ಬಗ್ಗಿ ಅದರ ಚೂಪು ತುದಿಯನ್ನು ಒಳಮುಖವಾಗಿ ತಿರುಗಿಸಿದರು.

ನನ್ನ ಬೆರಳು ಶಟರಿನ ಮೇಲೆ ಒತ್ತಿಯೇ ಇತ್ತು. ಯೋಚಿಸಿ ಮಾಡಿದ್ದಲ್ಲ, ಆಟದ ಚಿತ್ರ ತೆಗೆಯುವ ಕೈ ಚಲನೆ ಕಂಡರೆ ಒತ್ತುತ್ತದೆ. ತತ್ತಿ ಎತ್ತಿದ್ದು, ಒಯ್ದದ್ದು, ಇಟ್ಟದ್ದು ಸಾಲಾಗಿ ಬಂದಿತ್ತು. ದಿಬ್ಬಕ್ಕೆ ಓಡಬೇಕೆನಿಸಿತು. ಆದರೆ ಇನ್ನೊಂದು ಜೊತೆ ಕಾಲು ಅಲ್ಲಿ ತಿರುಗಿದರೆ ಎಷ್ಟು ತತ್ತಿ ತುಳಿಯುತ್ತೇವೋ ಯಾರಿಗೆ ಗೊತ್ತು. "ಅವ್ರನ್ನ ಈಗಿಂದೀಗ ಕರಕೊಂಡು ಬರ್ರಿ" ಎಂದೆ. ರೈತರು ನನ್ನ ಮುಖ ನೋಡಿ ತೆಪ್ಪ ಬಿಚ್ಚಿದರು. ಅದು ದಿಬ್ಬ ಮುಟ್ಟುವ ಮೊದಲೇ ಒಂದು ಹಕ್ಕಿ ಆ ಮೂರು ತತ್ತಿಯ ಮುಂದೆ ಇಳಿದು ರೆಕ್ಕೆ ಬಿಚ್ಚಿ ಚೀರಿತು, ಎರಡೂ ಫ್ಲ್ಯಾಶ್ ಮಿಂಚಿದವು. ಅಲ್ಲಿ ಅವರಿಬ್ಬರ ನಡುವೆ ಮಾತು ಬೆಳೆಯಿತು. ಹಿರಿಯರು ಕೈಬೀಸಿ ಆಗುವುದಿಲ್ಲ ಎಂದರು. ರೈತರು ಒಂದು ಕಾಲುಗಂಬವನ್ನು ತಾವೇ ಕಿತ್ತು ತೆಪ್ಪಕ್ಕೆ ಹಾಕಿದ ಮೇಲೆ ಅವರೂ ಬಂದರು.

"ಯಾಕಮ್ಮ, ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ಮುಗೀತಿತ್ತು" ಎಂದರು ದಂಡೆಗೆ ಇಳಿಯುತ್ತ.

"ಏನು ಮುಗೀತಿತ್ರಿ? ತತ್ತಿ ಯಾಕ ಎತ್ತಿಟ್ರಿ?"

"ಒಂದೆರಡು ಮೊಟ್ಟೆ ಇದ್ರೆ ಫ್ರೇಮು ಖಾಲಿ ಕಾಣತ್ತೆ. ಮೂರು ಇದ್ರೆ ತುಂಬತ್ತೆ. ವಾಪಸ್ ಇಟ್ಟೇ ಬರ್ತಿದ್ದೆ."

"ಯಾವ ಕುಳಿಯಿಂದ ತೆಗೆದಿದ್ರಿ? ಇಲ್ಲಿಂದ ತೋರಸ್ರಿ ನೋಡೂಣು."

ಅವರು ತಿರುಗಿ ದಿಬ್ಬದ ಕಡೆ ನೋಡಿದರು. ಮರಳೆಲ್ಲ ಒಂದೇ ಥರ. "ಹಕ್ಕಿಗೆ ಲೆಕ್ಕ ಬರಲ್ಲ ಬಿಡಮ್ಮ. ನಾನು ಈ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡ್ಕೊಂಡಿದ್ದೀನಿ" ಎಂದರು.

"ನನ್ನ ಹೆಸರು ಯಾಕ ಹೇಳಿದ್ರಿ ಇವ್ರಿಗೆ?"

"ಜಾಗ ನಿನ್ನಿಂದಲೇ ತಾನೇ ಗೊತ್ತಾಗಿದ್ದು? ಕ್ರೆಡಿಟ್ಟು ಕೊಟ್ಟೆ ಅಂತ ತಿಳ್ಕೋ."

ರೈತರು ತೆಪ್ಪದ ಹಗ್ಗ ಹಿಡಿದು ಅಲ್ಲೇ ನಿಂತಿದ್ದರು. "ಅಕ್ಕಾರ ಹೆಸರು ಹೇಳಿದ್ದಕ್ಕ ಬಿಟ್ಟೇನಿ. ಇಲ್ಲಾಂದ್ರ ಬಿಡ್ತಿದ್ದಿಲ್ಲ" ಎಂದರು. ಅವರು ಮಾತಾಡಿದ್ದು ಹಿರಿಯರ ಕಡೆ ನೋಡಿ ಅಲ್ಲ, ನೀರಿನ ಕಡೆ ನೋಡಿ. ಹಿರಿಯರು ಸಾಮಾನು ಕಾರಿಗೆ ತುಂಬಿಕೊಂಡು ಹೋದರು. ಹೋಗುವಾಗ, "ಇಷ್ಟು ಸೂಕ್ಷ್ಮ ಇದ್ರೆ ಮದುವೆ ಫೋಟೋನೇ ಮಾಡು" ಎಂದರು. ಮದುವೆಯಲ್ಲಿ ಒಂದು ಮನೆಯ ಕೂಸನ್ನು ಎತ್ತಿ ಇನ್ನೊಂದು ಮನೆಯವರ ತೊಡೆಯ ಮೇಲಿಟ್ಟು ಚಿತ್ರ ತೆಗೆಯುವವರನ್ನು ನಾನಂತೂ ಕಂಡಿಲ್ಲ.

ಹಕ್ಕಿಗಳು ಒಂದೊಂದಾಗಿ ಇಳಿದವು. ಮೂರು ತತ್ತಿಯ ಕುಳಿಗೆ ಬಂದ ಹಕ್ಕಿ ಸುತ್ತ ನಡೆಯಿತು, ಕೊಕ್ಕಿನಿಂದ ಮುಟ್ಟಿತು, ಕೂತಿತು. ಅದಕ್ಕಿಂತ ಆಚೆ ಇನ್ನೊಂದು ಹಕ್ಕಿ ನೀರಿಗೆ ಬಂದು ಹೊಟ್ಟೆ ಅದ್ದಿಕೊಂಡು ಹೋಗಿ, ಬರಿದಾದ ಕುಳಿಯ ಮೇಲೆ ಕೂತಿತು. ಒಣಗಿದಾಗ ಎದ್ದು ಮತ್ತೆ ಬಂತು, ಮತ್ತೆ ಅದ್ದಿತು, ಮತ್ತೆ ಹೋಗಿ ಬರಿ ಮರಳಿನ ಮೇಲೆ ಕೂತಿತು. ನಾನು ನೋಡಿದಷ್ಟು ಹೊತ್ತೂ ಅದು ಹಾಗೇ ಮಾಡುತ್ತಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಯಾರ ಮೇಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ.

ತತ್ತಿಯನ್ನು ಮರಳಿ ಇಡಬೇಕೋ ಬೇಡವೋ ಎಂಬುದು ಕಷ್ಟದ ಪ್ರಶ್ನೆಯಾಗಿತ್ತು. ಮತ್ತೆ ಕಾಲಿಟ್ಟರೆ ಮತ್ತೆ ಎಲ್ಲವೂ ಏಳುತ್ತವೆ. ಅರಣ್ಯ ಇಲಾಖೆಗೆ ಫೋನು ಮಾಡಿದೆ. ಮಾತಾಡಿದ ಅಧಿಕಾರಿ ಮೊದಲು, "ಚಿಗರಿ ಗಿಗರಿ ಹೊಡದಾರೇನ್ರಿ?" ಎಂದು ಕೇಳಿದರು. ತತ್ತಿ ಎತ್ತಿದ ಚಿತ್ರಗಳನ್ನು ಕಳಿಸಿದ ಮೇಲೆ ಅವರ ದನಿ ಬದಲಾಯಿತು. "ನಾವು ಬರೂದು ನಾಳಿ ಆಗ್ತೈತ್ರಿ. ಯಾವ ಕುಳಿ ಅಂತ ನಿಮಗ ಖಾತ್ರಿ ಇದ್ರ, ಹೊತ್ತು ಇಳಿದ ಮ್ಯಾಲ ಒಬ್ಬರ ಹೋಗಿ ಇಟ್ಟು ಬಂದುಬಿಡ್ರಿ. ನಾ ಹೇಳೇನಿ ಅಂತ ಬರಕೋರಿ" ಎಂದರು. ನನ್ನ ಸಾಲು ಚಿತ್ರಗಳಲ್ಲಿ ಮೊದಲನೆಯದು ಆ ಕುಳಿಯನ್ನು ಸ್ಪಷ್ಟವಾಗಿ ತೋರಿಸುತ್ತಿತ್ತು. ಪಕ್ಕದಲ್ಲಿ ಒಂದು ಒಡೆದ ಕಪ್ಪೆಚಿಪ್ಪು, ಒಂದು ಒಣ ಕಡ್ಡಿ. ಸಂಜೆ ಮರಳು ಆರಿದ ಮೇಲೆ ರೈತರು ನನ್ನನ್ನು ದಿಬ್ಬದ ಅಂಚಿಗೆ ಬಿಟ್ಟರು. ಹಿರಿಯರ ಹೆಜ್ಜೆಯ ಗುರುತುಗಳ ಮೇಲೆಯೇ ಹೆಜ್ಜೆ ಇಡುತ್ತ ಹೋದೆ. ತಲೆಯ ಮೇಲೆ ಹಕ್ಕಿಗಳು ಎರಗಿ ಎರಗಿ ಬಂದವು. ಚೂಪು ತುದಿ ಒಳಮುಖವಾಗಿದ್ದ ತತ್ತಿಯನ್ನು ಎತ್ತಿ, ಚಿಪ್ಪಿನ ಪಕ್ಕದ ಕುಳಿಯಲ್ಲಿಟ್ಟು ಬಂದೆ. ಇನ್ನೂ ಬೆಚ್ಚಗಿತ್ತು. ಅದು ಜೀವದ ಬಿಸಿಯೋ ಮರಳಿನದೋ ಹೇಳಲು ಬರುವಂತಿರಲಿಲ್ಲ.

ಬರಿ ಕುಳಿಯ ಹಕ್ಕಿ ಅದನ್ನು ಒಪ್ಪಿಕೊಂಡಿತು. ಮರುದಿನ ಅಧಿಕಾರಿ ಬಂದರು, ದಂಡೆಯಲ್ಲಿ ಫಲಕ ನೆಡಿಸಿದರು, ನನ್ನ ಹೇಳಿಕೆ ಬರೆದುಕೊಂಡರು. ರೈತರು ಇನ್ನು ಯಾರ ಹೆಸರು ಹೇಳಿ ಬಂದವರಿಗೂ ತೆಪ್ಪ ಕೊಡುವುದಿಲ್ಲ ಎಂದರು. ಆಮೇಲಿನ ದಿನಗಳಲ್ಲಿ ದಿಬ್ಬದ ಮೇಲೆ ಮರಿಗಳು ಓಡಾಡತೊಡಗಿದವು. ಎರಡು ತತ್ತಿಯ ಕುಳಿಯಲ್ಲಿ ಒಂದು ಮರಿ ಆಯಿತು. ನಾನು ಮರಳಿ ಇಟ್ಟ ತತ್ತಿ ಒಡೆದು ಮರಿಯಾಗಲಿಲ್ಲ. ಅಕ್ಕಪಕ್ಕದ ಮರಿಗಳಿಗೆ ರೆಕ್ಕೆ ಮೂಡುತ್ತಿದ್ದಾಗಲೂ ಆ ಹಕ್ಕಿ ಹೊಟ್ಟೆ ಅದ್ದಿಕೊಂಡು ಹೋಗಿ ಅದರ ಮೇಲೆ ಕೂರುತ್ತಿತ್ತು. ಒಂದು ಮುಂಜಾನೆ ಹೋದಾಗ ಕುಳಿಯಲ್ಲಿ ಹಕ್ಕಿಯೂ ಇರಲಿಲ್ಲ, ತತ್ತಿಯೂ ಇರಲಿಲ್ಲ.

ಅಷ್ಟರಲ್ಲಿ ಸಂಪಾದಕರು ಒಂದು ಚಿತ್ರ ಕಳಿಸಿದ್ದರು. ಮೂರು ತತ್ತಿಗಳ ಮುಂದೆ ಹಕ್ಕಿ, ರೆಕ್ಕೆ ಬಿಚ್ಚಿದೆ, ಕೊಕ್ಕು ತೆರೆದಿದೆ. ಕಣ್ಣಿನಲ್ಲಿ ಎರಡು ಚೌಕ ಬೆಳಕು. "ಇದೇ ಮುಖಪುಟ. ನೋಡಿ, ಭಾವನೆ ಅಂದ್ರೆ ಇದು" ಎಂದು ಕೆಳಗೆ ಬರೆದಿದ್ದರು.

ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿ, ನನ್ನ ಸಾಲು ಚಿತ್ರಗಳನ್ನೂ ಕಳಿಸಿದೆ.

"ಮೇಡಂ, ನಿಮಗೆ ಬೇಜಾರಾಗಿದೆ, ಅರ್ಥ ಆಗತ್ತೆ. ಮುಖಪುಟ ನಿಮ್ಮದಾಗಲಿಲ್ಲ ಅಂತ."

"ನನ್ನದು ಹಾಕಬ್ಯಾಡ್ರಿ. ಕಬಡ್ಡಿದು ಹಾಕ್ರಿ, ಬರಿ ಹೊಳಿದು ಹಾಕ್ರಿ. ಅದೊಂದು ಹಾಕಬ್ಯಾಡ್ರಿ."

"ಓದುಗರಿಗೆ ಇದೆಲ್ಲ ಗೊತ್ತಾಗಲ್ಲ."

"ನಿಮಗ ಗೊತ್ತಾತಲ್ರಿ ಈಗ."

ಅವರು, ಹಿರಿಯರ ಚಿತ್ರಕ್ಕೆ ಇಲ್ಲವೆನ್ನಲು ಆಗುವುದಿಲ್ಲ, ಬೇಕಿದ್ದರೆ ಒಳಗೆ ನನಗೆ ಎರಡು ಪುಟ ಹೆಚ್ಚು ಕೊಡುವೆ ಎಂದರು. ನನಗೆ ಅದು ಲಂಚದ ಹಾಗೆ ಕೇಳಿಸಿತು. ಮುಖಪುಟ ಅದೇ ಆದರೆ ನನ್ನ ಒಂದು ಚಿತ್ರವೂ ಆ ಪುಸ್ತಕದಲ್ಲಿ ಇರಕೂಡದು, ಕಬಡ್ಡಿಯದೂ ಸೇರಿ, ಎಂದು ಬರೆದು ಕಳಿಸಿದೆ. ಚಳಿಗಾಲದಿಂದ ಮಾಡಿದ ಕೆಲಸ. ನಮ್ಮ ಮನೆಯವರಿಗೆ ಹೇಳಿದಾಗ ಅವರು ಸುತ್ತುತ್ತಿದ್ದ ಮೋಟಾರು ಕೆಳಗಿಟ್ಟು, "ಬರದ ಕಳಿಸೇ ಬಿಟ್ಟಿಯೇನು?" ಎಂದರು. ಹೌದು ಎಂದೆ. "ಚೊಲೋ ಮಾಡಿದಿ" ಎಂದು ಮತ್ತೆ ತಂತಿ ಹಿಡಿದರು.

ಪುಸ್ತಕ ಬಂತು. ಬಿಡುಗಡೆ ಬಸವನ ಬಾಗೇವಾಡಿಯ ಒಂದು ಸಭಾಭವನದಲ್ಲಿ. ನನ್ನನ್ನು ಕರೆದಿರಲಿಲ್ಲ, ಆದರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ವೇದಿಕೆಯ ಹಿಂದೆ ಮುಖಪುಟವನ್ನು ಗೋಡೆಯಷ್ಟು ದೊಡ್ಡದಾಗಿ ಹಾಕಿದ್ದರು. ಹಿರಿಯರಿಗೆ ಶಾಲು ಹೊದಿಸಿದರು. ಅವರು ಬೆಳಕಿನ ಬಗ್ಗೆ, ತಾಳ್ಮೆಯ ಬಗ್ಗೆ, ಪ್ರಕೃತಿಯ ಮುಂದೆ ತಲೆಬಾಗುವುದರ ಬಗ್ಗೆ ಮಾತಾಡಿದರು. ಜನ ಚಪ್ಪಾಳೆ ಹೊಡೆದರು. ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ. ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ನಡುಸಾಲಿನಿಂದ ಒಬ್ಬ ಶಿಕ್ಷಕಿ ಎದ್ದರು.

"ಸರ್, ಹಕ್ಕಿ ಬಾಯಿ ತಕ್ಕೊಂಡೈತಲ್ರಿ, ಅದು ಯಾಕ್ರಿ?"

"ಒಳ್ಳೆ ಪ್ರಶ್ನೆ" ಎಂದರು ಹಿರಿಯರು. "ಮೊಟ್ಟೆಯೊಳಗಿನ ಮರಿಗೆ ತಾಯಿ ಹಾಡ್ತಿದೆ."

ಸಭೆಯಲ್ಲಿ ಮೆಚ್ಚುಗೆಯ ದನಿ ಎದ್ದಿತು. ನಾನು ಎದ್ದು ನಿಂತೆ. ಮೈಕು ನನ್ನ ಕೈಯಲ್ಲಿರಲಿಲ್ಲ. ಅದು ಬೇಕಾಗಲೂ ಇಲ್ಲ.

"ಹಾಡಾಕತ್ತಿಲ್ರಿ ಬಾಯಾರ" ಎಂದೆ ಶಿಕ್ಷಕಿಯ ಕಡೆ ನೋಡಿ. "ಆ ಹೊತ್ತಿನಾಗ ನಾ ಎದುರಿನ ದಂಡಿ ಮ್ಯಾಲೆ ಇದ್ದೆ. ಮುಂದ ನಿಂತವ್ರಿಗೆ ಅದು ಹೋಗು, ಹೋಗು ಅನ್ನಾಕತ್ತಿತ್ತು. ಅವ್ರು ಹೋಗಲಿಲ್ಲ."

ಸಂಪಾದಕರು ವಂದನಾರ್ಪಣೆಯವರಿಗೆ ಸನ್ನೆ ಮಾಡಿದರು. ಹಿರಿಯರು ಶಾಲು ಸರಿಮಾಡಿಕೊಂಡರು. ಶಿಕ್ಷಕಿ ಮಾತ್ರ ಇನ್ನೂ ನಿಂತೇ ಇದ್ದರು, ಗೋಡೆಯಷ್ಟು ದೊಡ್ಡ ಆ ಹಕ್ಕಿಯ ತೆರೆದ ಬಾಯಿಯನ್ನು ಮತ್ತೊಮ್ಮೆ, ಮೊದಲಿಂದ, ನೋಡುತ್ತ.